ಬಾಂಬರು ವಿಮಾನಗಳ ಚರಿತ್ರೆಯಲ್ಲಿ ಬಿಟ್ಟುಹೋದ ಲೆಕ್ಕ

ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಮೇಲೆ ಹಾರಿದ ಅಮೆರಿಕದ ಮಧ್ಯಮ ಬಾಂಬರು ದಳಗಳ ಸೇವಾ ಚರಿತ್ರೆ ಬಹು ವಿವರವಾಗಿ ದಾಖಲಾಗಿದೆ. 341ನೆಯ ಬಾಂಬ್ ಗ್ರೂಪು 1942ರ ಸೆಪ್ಟೆಂಬರಿನಲ್ಲಿ ಕರಾಚಿಯಲ್ಲಿ ಕಾರ್ಯಾರಂಭ ಮಾಡಿತು. ಅದರ 490ನೆಯ ಸ್ಕ್ವಾಡ್ರನ್, ಎರಡು ಎಂಜಿನ್ನಿನ ಬಿ-25 ಮಿಚೆಲ್ ವಿಮಾನಗಳಿಂದ ಜಪಾನೀಯರ ಹಿಡಿತದಲ್ಲಿದ್ದ ಸೇತುವೆಗಳನ್ನು ಒಡೆದೊಡೆದು ‘ಬರ್ಮಾದ ಸೇತುವೆ ಮುರಿಯುವವರು’ ಎಂಬ ಹೆಸರನ್ನೇ ಪಡೆಯಿತು. ಪ್ರಾಣವನ್ನು ಒತ್ತೆಯಿಟ್ಟು ಹಾರಿದವರಿಗೆ ಆ ಗೌರವ ಸಲ್ಲಬೇಕಾದದ್ದೇ.

ಆದರೆ ವ್ಯಾಪಾರಿ ಬಂಧುಗಳೇ, ಒಂದೇ ಬದಿ ಬರೆದ ಕಿರ್ದಿಯನ್ನು ನೀವು ಒಪ್ಪುವಿರಾ? ಆ ವಿಮಾನಗಳನ್ನು ಮತ್ತೆ ಹಾರುವಂತೆ ಮಾಡಿದ ಕೈಗಳು ಯಾರವು? ಯುದ್ಧಕ್ಕೆ ಹಣ ಬಂದದ್ದು ಯಾರ ಬೆವರಿನಿಂದ?

ವಾಲ್‌ಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದರು. 1943ರಲ್ಲಿ ಅದರ ಆಡಳಿತ ಅಮೆರಿಕದ ವಾಯುಪಡೆಯ ಕೈಸೇರಿ, ಅದು 84ನೆಯ ಏರ್ ಡಿಪೋ ಆಯಿತು. ಭಾರತ ಮತ್ತು ಬರ್ಮಾಗಳಲ್ಲಿ ಹಾರುತ್ತಿದ್ದ ಎಲ್ಲ ಬಗೆಯ ವಿಮಾನಗಳೂ ಅಲ್ಲಿ ದುರಸ್ತಿಗೆ ಬಂದವು. ಎಂಜಿನ್ ಬಿಚ್ಚಿ ಜೋಡಿಸಿದವರಲ್ಲಿ ನಮ್ಮ ನಾಡಿನ ಕಾರ್ಮಿಕರೂ ಇದ್ದರು. ವಿಮಾನ ಚಾಲಕನ ಹೆಸರು ಪುಸ್ತಕದಲ್ಲಿದೆ. ಫಿಟ್ಟರನ ಹೆಸರನ್ನು ಎಲ್ಲಿ ಹುಡುಕೋಣ?

ಇದು ಬೆಂಗಳೂರಿನ ಮಾತು, ನಮಗೇನು ಎನ್ನಬೇಡಿ. ಕಲಬುರಗಿಗೂ ಬಾಂಬರು ವಿಮಾನಕ್ಕೂ ಇನ್ನೂ ಹಳೆಯ ನಂಟುಂಟು. 1918ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ 110ನೆಯ ಸ್ಕ್ವಾಡ್ರನ್ನಿಗೆ ಡಿ.ಎಚ್.9ಎ ಬಾಂಬರುಗಳನ್ನು ಕಾಣಿಕೆಯಾಗಿತ್ತರು. ಪ್ರತಿಯೊಂದು ವಿಮಾನದ ಮೇಲೂ ಅದು ನಿಜಾಮರ ಕೊಡುಗೆಯೆಂಬ ಬರಹವಿತ್ತು. ಅದರೊಳಗಿನ ಎಂಜಿನ್ ಅಮೆರಿಕದ್ದು. ಅದರ ಹೆಸರು ‘ಲಿಬರ್ಟಿ’, ಎಂದರೆ ಸ್ವಾತಂತ್ರ್ಯ! ದಳಕ್ಕೆ ‘ಹೈದರಾಬಾದ್’ ಎಂಬ ಹೆಸರು ಉಳಿಯಿತು. ಇದೇ ದಳ 1942ರಲ್ಲಿ ಭಾರತಕ್ಕೆ ಬಂದು, ಅಮೆರಿಕದಲ್ಲಿ ತಯಾರಾದ ‘ವೆಂಜನ್ಸ್’ ಬಾಂಬರುಗಳಲ್ಲಿ ಬರ್ಮಾದ ಮೇಲೆ ಹಾರಿತು.

ಆಗ ಕಲಬುರಗಿ ನಿಜಾಮರ ಸೀಮೆ. ಅದೇ 1918ರಲ್ಲಿ ಮಳೆ ಕೈಕೊಟ್ಟಿತ್ತು. ಇನ್‌ಫ್ಲುಯೆಂಜಾ ದಖ್ಖಣದ ಮನೆಮನೆಗಳನ್ನು ಬರಿದು ಮಾಡಿತ್ತು. ಇಂದು ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ರೈತ ಆಗ ಹಾರುವ ಯಂತ್ರವನ್ನು ಕಣ್ಣಾರೆ ಕಂಡಿದ್ದನೋ ಇಲ್ಲವೋ. ಅದನ್ನು ಕಾಣಿಕೆ ಕೊಡಲೆಂದು ಅವನನ್ನು ಯಾರೂ ಕೇಳಿರಲಾರರು. ಅದು ನಿಜಾಮರ ಸ್ವಂತ ಹಣವೆಂದು ಕೆಲವರು ಹೇಳಬಹುದು. ಸ್ವಂತ ಖಜಾನೆಯಾಗಲಿ, ಸರಕಾರದ ಖಜಾನೆಯಾಗಲಿ, ಅದನ್ನು ತುಂಬಿದ್ದು ರೈತನ ಕಂದಾಯ ಮತ್ತು ವ್ಯಾಪಾರಿಯ ಸುಂಕ. ನಿಜಾಮರು ಸ್ವತಃ ಕುಂಟೆ ಹೊಡೆದು ಜೋಳ ಬೆಳೆದವರಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. 1918ರ ನಿಜಾಮ ಸರಕಾರದ ಆಡಳಿತ ನಡೆದದ್ದು ಉರ್ದುವಿನಲ್ಲಿ. ಹೈದರಾಬಾದಿನ ಪತ್ರಾಗಾರದಲ್ಲಿರುವ ಆ ಕಾಲದ ಕಾಗದಗಳನ್ನು ಗುಲಬರ್ಗಾ ವಿಶ್ವವಿದ್ಯಾಲಯ ಪರಿಶೀಲಿಸಿ, ಈ ಜಿಲ್ಲೆಯ ಪಾಲೆಷ್ಟೆಂಬುದನ್ನು ಕನ್ನಡದಲ್ಲಿ ಪ್ರಕಟಿಸಲಿ. ಕಾರ್ಮಿಕ ಸಂಘಗಳು ಬೆಂಗಳೂರಿನ ಯುದ್ಧಕಾಲದ ಕೆಲಸಗಾರರ ಮಕ್ಕಳು ಮೊಮ್ಮಕ್ಕಳಿಂದ ಕೇಳಿ ಬರೆದಿಡಲಿ. ನಮ್ಮ ಮಹಬೂಬ್ ಶಾಹಿ ಗಿರಣಿ ಮುಚ್ಚಿತು. ಅಲ್ಲಿ ದುಡಿದವರ ನೆನಪೂ ದಿನೇ ದಿನೇ ಅಳಿಯುತ್ತಿದೆ. ತಡಮಾಡಿದರೆ ಇದಕ್ಕೂ ಅದೇ ಗತಿ.

ಕೊಟ್ಟವರೆಂದು ದೊರೆಯ ಹೆಸರು ವಿಮಾನದ ಮೇಲೆ ಬಂದಾಯಿತು. ತೆತ್ತವರ ಹೆಸರು ಕಾಗದದ ಮೇಲಾದರೂ ಬರಲಿ.