ಮೂರು ಊರು, ಒಂದೇ ನಕ್ಷೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಮನೆಗೆ ಬಂದಿದ್ದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಕಚೇರಿಗಳಿರುವ ಸಂಸ್ಥೆಯೊಂದರ ಕಂಪ್ಯೂಟರ್ ಜಾಲ ಅವನ ಉಸ್ತುವಾರಿಯಲ್ಲಿದೆ. ಮುಖ ಬಾಡಿತ್ತು.

“ಸರ್, ಹಾವೇರಿ–ಬ್ಯಾಡಗಿ ಕೇಬಲ್ ಜೆಸಿಬಿಗೆ ಸಿಕ್ಕು ಕಡಿಯಿತು. ರಾಣೆಬೆನ್ನೂರಿನ ಮೇಲೆ ಹಾಯ್ದು ಬರಲು ಇನ್ನೊಂದು ಲೈನ್ ಇತ್ತು, ಅದು ಸರಿಯಾಗೇ ಇತ್ತು. ಆದರೂ ಮೆಣಸಿನಕಾಯಿ ಮಾರಾಟದ ದಿನವೇ ಬ್ಯಾಡಗಿ ಕಚೇರಿ ಕೈಕಟ್ಟಿ ಕೂತಿತು. ರೈತರು ಬಿಲ್ಲಿಗಾಗಿ ಸಂಜೆವರೆಗೆ ಕಾದರು” ಎಂದ.

ದಾರಿ ಇದ್ದೂ ಹೋಗಲಾಗಲಿಲ್ಲ, ಏಕೆ?

ಜಾಲದಲ್ಲಿ ಮಾಹಿತಿಗೆ ದಾರಿ ತೋರಿಸುವ ಯಂತ್ರವೇ ರೂಟರ್. ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ಪ್ರತಿ ರೂಟರ್ ತನ್ನ ವಲಯದ ಪೂರ್ತಿ ನಕ್ಷೆ ಇಟ್ಟುಕೊಂಡು, ಕಡಿಮೆ ವೆಚ್ಚದ ದಾರಿಯನ್ನು ತಾನೇ ಲೆಕ್ಕ ಹಾಕುತ್ತದೆ. ಈ ಲೆಕ್ಕದ ವಿಧಾನವನ್ನು ನೆದರ್‌ಲ್ಯಾಂಡ್ಸಿನ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದರು. 1989ರಲ್ಲಿ ಓಎಸ್‌ಪಿಎಫ್‌ನ ಮೊದಲ ವಿವರಣೆ ಹೊರಬಂದಾಗ ರೂಟರ್‌ಗಳ ಸ್ಮರಣಶಕ್ತಿ ಬಹಳ ಕಡಿಮೆ. ಆದ್ದರಿಂದ ದೊಡ್ಡ ಜಾಲವನ್ನು ವಲಯಗಳಾಗಿ ಒಡೆಯುವ ಏರ್ಪಾಡು ಬಂತು. ದೊಡ್ಡದಾಗಿದ್ದ ಧಾರವಾಡ ಜಿಲ್ಲೆಯಿಂದ 1997ರಲ್ಲಿ ಹಾವೇರಿ, ಗದಗ ಬೇರೆಯಾದವಲ್ಲ, ಹಾಗೆ.

ಆದರೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಸೊನ್ನೆ ಸಂಖ್ಯೆಯ ವಲಯವೇ ಜಾಲದ ಬೆನ್ನೆಲುಬು. ಒಂದು ವಲಯದ ಸುದ್ದಿ ಇನ್ನೊಂದಕ್ಕೆ ಹೋಗಬೇಕಾದರೆ ಅದರ ಮೂಲಕವೇ ಹೋಗಬೇಕು. ನಮ್ಮ ಹುಡುಗನ ಜಾಲದಲ್ಲಿ ಹಾವೇರಿ ಸೊನ್ನೆ, ಬ್ಯಾಡಗಿ ಒಂದು, ರಾಣೆಬೆನ್ನೂರು ಎರಡನೆಯ ವಲಯ. ಬ್ಯಾಡಗಿ–ರಾಣೆಬೆನ್ನೂರು ಲೈನೂ ಎರಡನೆಯದಕ್ಕೇ ಸೇರಿತ್ತು. ಕೇಬಲ್ ಕಡಿದೊಡನೆ ಬ್ಯಾಡಗಿಗೆ ಬೆನ್ನೆಲುಬಿನ ಸಂಪರ್ಕ ತಪ್ಪಿತು. ಎರಡನೆಯ ವಲಯದ ಹಾದಿಯಾಗಿ ಬರುವ ಬ್ಯಾಡಗಿಯ ಸುದ್ದಿಯನ್ನು ಹಾವೇರಿಯ ರೂಟರ್ ನಿಯಮದ ಪ್ರಕಾರ ಒಪ್ಪುವಂತಿಲ್ಲ. ತಂತಿ ಇತ್ತು, ಅನುಮತಿ ಇರಲಿಲ್ಲ!

ಇಂದಿನ ರೂಟರ್‌ಗಳು ಹತ್ತಾರು ರೂಟರ್‌ಗಳ ನಕ್ಷೆಯನ್ನು ಸಲೀಸಾಗಿ ನಿಭಾಯಿಸುತ್ತವೆ. ಮೂರು ರೂಟರ್‌ಗಳಿಗೆ ಮೂರು ವಲಯ ಏಕೆ? ಎಲ್ಲವನ್ನೂ ಸೊನ್ನೆ ವಲಯಕ್ಕೆ ಸೇರಿಸಿದರೆ ಮೂರೂ ಊರಿಗೆ ಒಂದೇ ನಕ್ಷೆ. ಒಂದು ತಂತಿ ಹೋದರೆ ಇನ್ನೊಂದು ದಾರಿ ತಾನಾಗಿ ತೆರೆದುಕೊಳ್ಳುತ್ತದೆ.

ಆದರೆ ನಡೆಯುತ್ತಿರುವ ಜಾಲವನ್ನು ತಿದ್ದುವುದು ಓಡುವ ಬಂಡಿಯ ಗಾಲಿ ಬದಲಿಸಿದಂತೆ. ಒಂದು ಲೈನಿನ ಎರಡೂ ತುದಿಯಲ್ಲಿ ವಲಯದ ಸಂಖ್ಯೆ ಒಂದೇ ಇರದಿದ್ದರೆ ರೂಟರ್‌ಗಳು ನೆರೆಹೊರೆಯಾಗುವುದಿಲ್ಲ. ಆದ್ದರಿಂದ ಮೊದಲು ದೂರದ ತುದಿ, ಆಮೇಲೆ ಹತ್ತಿರದ್ದು. ಇದು ತಿರುವುಮುರುವಾದರೆ ಕುಳಿತಲ್ಲಿಂದ ದೂರದ ಯಂತ್ರವನ್ನು ಮುಟ್ಟಲಾಗದೆ, ನಡುರಾತ್ರಿ ಬ್ಯಾಡಗಿಗೆ ಓಡಬೇಕಾದೀತು. ಹಳೆಯ ಸೆಟ್ಟಿಂಗಿನ ಪ್ರತಿ ತೆಗೆದಿಟ್ಟು, ಒಂದೊಂದೇ ಲೈನ್ ಮುಗಿಸಿ, ನೋಡಿ, ಮುಂದೆ ಹೋಗಬೇಕು.

ಅವನು ರಜೆಯ ರಾತ್ರಿ ಹಾಗೆಯೇ ಮಾಡಿದ. ಬೆಳಗಿನ ಜಾವ ಹಾವೇರಿ–ಬ್ಯಾಡಗಿ ಲೈನನ್ನು ತಾನೇ ಕಿತ್ತು ನೋಡಿದ. ಕ್ಷಣಹೊತ್ತಿನಲ್ಲಿ ರಾಣೆಬೆನ್ನೂರಿನ ಮೇಲೆ ಹಾದು ಬ್ಯಾಡಗಿ ಉತ್ತರಿಸಿತಂತೆ.

ವಿದ್ಯಾರ್ಥಿಗಳೇ, ಈ ಮೂರು ಊರುಗಳ ತ್ರಿಕೋನ ಬರೆದು, ಒಂದೊಂದೇ ಗೆರೆ ಅಳಿಸಿ ನೋಡಿ. ಒಂದು ಅಳಿಸಿದರೆ ಯಾವ ಊರೂ ಒಂಟಿಯಾಗದು. ಎರಡು ಅಳಿಸಿದರೆ? ಅಪ್ಪ ಅಮ್ಮನಿಗೆ ಬಿಡಿಸಿ ಹೇಳಿ. ಪರ್ಯಾಯ ದಾರಿ ಇದ್ದರಷ್ಟೇ ಸಾಲದು, ಅದರಲ್ಲಿ ಒಮ್ಮೆ ನಡೆದೂ ನೋಡಿರಬೇಕು.