ನೋಡುಗರ ಮಾತೂ ಪಠ್ಯವೇ

ದೂರದರ್ಶನದಲ್ಲಿ 1998ರಲ್ಲಿ ಪ್ರಸಾರವಾದ ‘ಕ್ಯಾಪ್ಟನ್ ವ್ಯೋಮ್’ ಹಿಂದಿಯ ವೈಜ್ಞಾನಿಕ ಧಾರಾವಾಹಿ. ತುಮಕೂರು, ಗುಬ್ಬಿ, ಕುಣಿಗಲ್‌ನಂತಹ ಊರುಗಳಲ್ಲಿ ಟೀವಿಯಿದ್ದ ಮನೆಗೆ ನೆರೆಯವರೂ ಬಂದು ಕೂಡುತ್ತಿದ್ದ ಕಾಲವದು. ಅಂತಹ ಕೂಟದಲ್ಲಿ ಹಿಂದಿ ಬಲ್ಲವರು ಅರ್ಥ ಹೇಳುವುದು, ಬಾರದವರು ತಮ್ಮದೇ ಸಂಭಾಷಣೆ ಕಟ್ಟುವುದು, ಆಕಾಶನೌಕೆಯನ್ನು ಗೇಲಿ ಮಾಡುವುದು ಸಹಜವಾಗಿತ್ತು. ಇದನ್ನು ಗದ್ದಲವೆಂದು ಬದಿಗಿರಿಸಿ, ತೆರೆಯ ಮೇಲಿನದನ್ನಷ್ಟೇ ಪಠ್ಯವೆಂದು ಪರಿಗಣಿಸುವ ನಿಲುವೊಂದುಂಟು. ಈ ನಿಲುವು ಮರುಪರಿಶೀಲನೆಗೆ ಒಳಗಾಗಬೇಕು.

ಈ ಸೀಮೆಯ ರಂಗಪರಂಪರೆಯಲ್ಲಿ ಮೌನವೊಂದೇ ರಸಿಕತೆಯ ಲಕ್ಷಣವಾಗಿರಲಿಲ್ಲ. ಮೂಡಲಪಾಯ ಯಕ್ಷಗಾನದಲ್ಲಿ ಸಾರಥಿಯು ರಂಗಕ್ಕೆ ಬಂದ ಪಾತ್ರವನ್ನು ‘ತಾವು ಯಾರು’ ಎಂದು ವಿಚಾರಿಸುತ್ತಾನೆ. ನೋಡುಗರ ಕುತೂಹಲಕ್ಕೆ ಅವನೇ ದನಿ. ಗುಬ್ಬಿಯಲ್ಲಿ 1884ರಲ್ಲಿ ನಾಟಕ ಕಂಪನಿಯೊಂದು ಹುಟ್ಟಿ ನಾಡಿನಾದ್ಯಂತ ಹೆಸರಾಯಿತು. ಅಂತಹ ವೃತ್ತಿರಂಗಭೂಮಿಯಲ್ಲಿ ‘ಒನ್ಸ್ ಮೋರ್’ ಕೂಗಿಗೆ ಓಗೊಟ್ಟು ನಟರು ಹಾಡನ್ನು ಮತ್ತೆ ಹಾಡುತ್ತಿದ್ದರು. ಪ್ರದರ್ಶನದ ಗತಿಯಲ್ಲಿ ಪ್ರೇಕ್ಷಕನಿಗೂ ಪಾಲಿತ್ತು.

ಟೀವಿ ನೋಡುಗನ ಮಾತು ನಟನಿಗೆ ಕೇಳಿಸದು ಎಂಬ ಆಕ್ಷೇಪವುಂಟು. ಅದು ನಿಜವೇ. ಆದರೆ ಪಕ್ಕದಲ್ಲಿ ಕುಳಿತವರಿಗೆ ಕೇಳಿಸುತ್ತದೆ. ಅಪರಿಚಿತ ಗ್ರಹವೊಂದು ಊರಿನ ನುಡಿಗೆ ಒಗ್ಗುವುದು ಅಲ್ಲಿಯೇ. ನಂಬಲಾಗದ್ದನ್ನು ಕಂಡು ನಕ್ಕವನು ವಿಮರ್ಶಕನ ಕೆಲಸವನ್ನೇ ಮಾಡಿರುತ್ತಾನೆ.

ಇಂದು ಕಂತುಗಳು ಅಂಗೈಯ ಫೋನಿಗೆ ಬಂದಿವೆ. ಒಬ್ಬೊಬ್ಬರೇ ನೋಡುವುದು ರೂಢಿಯಾಗುತ್ತಿದೆ. ಹಳೆಯ ಕಂತು ಮರುಪ್ರಸಾರವಾಗಬಹುದು, ಅಂದಿನ ಮಾತು ಮರಳದು. ಕೂಡಿ ನೋಡಿದವರ ನೆನಪು ಮಾಸುವ ಮುನ್ನ ಅದನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸುವ ಹೊಣೆ ಕನ್ನಡ ಸಂಶೋಧನೆಯ ಮೇಲಿದೆ.