ಡಿಶ್‌ಗೆ ಅಡ್ಡ ಅಂತ ತೆಂಗು ಕಡಿಸೋ ಮೊದಲು ಟೇಪು ಹಿಡೀರಿ

ನಮ್ಮ ತಿಪಟೂರು ಸೀಮೇಲಿ ಒಂದು ಕೆಟ್ಟ ರೂಢಿ ಇದೆ. ಟಿವೀಲಿ ಸಿಗ್ನಲ್ ಹೋದ್ರೆ ಸಾಕು, ಡಿಶ್ ರಿಪೇರಿಗೆ ಬಂದೋನು ಕತ್ತೆತ್ತಿ ನೋಡಿ "ಮರ ಅಡ್ಡ ಐತೆ, ತೆಗೆಸಿ" ಅಂತಾನೆ. ನಾವೂ ಹೂಂ ಅಂತೀವಿ. ಮರ ಪಕ್ಕದವರ ಬದುವಿನಲ್ಲಿದ್ರೆ ಜಗಳ ಬೇರೆ. ಅಳತೆ ಹಾಕದೆ ಮರದ ಮೇಲೆ ತಪ್ಪು ಹೊರಿಸೋದು ಸೋಮಾರಿಗಳ ಕೆಲಸ ಕಣ್ರಪ್ಪಾ.

ಡಿಡಿ ಫ್ರೀ ಡಿಶ್ ಲೆಕ್ಕಾನೇ ತಗೊಳ್ಳಿ. ಅದರ ಉಪಗ್ರಹ ಜಿಸ್ಯಾಟ್-15, ಸಮಭಾಜಕ ವೃತ್ತದ ಮೇಲೆ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಕಡೆಯಿಂದ ಅದು ಅಗ್ನಿಮೂಲೆಗೆ, ಸ್ವಲ್ಪ ಮೂಡಲಕ್ಕೆ ವಾಲಿ, ನೆಲದಿಂದ ಸುಮಾರು 65 ಡಿಗ್ರಿ ಮೇಲೆ ಸಿಗುತ್ತೆ. ಪಡುವಲಲ್ಲೋ ಬಡಗಲಲ್ಲೋ ಇರೋ ಮರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬೇರೆ ಕಂಪನಿ ಡಿಶ್ ಆದ್ರೆ ಉಪಗ್ರಹ ಬೇರೆ ಇರಬಹುದು, ದಿಕ್ಕು ಮೊದಲು ಕೇಳ್ಕೊಳ್ಳಿ.

ತಟ್ಟೆ ಮುಖ ನೋಡಿ ಮೋಸ ಹೋಗಬೇಡಿ. ಮನೆ ಡಿಶ್‌ನಲ್ಲಿ ಎಲ್‌ಎನ್‌ಬಿ ನಡುವೆ ಇರಲ್ಲ, ಕೆಳಗಿಂದ ಚಾಚಿದ ತೋಳಿನ ತುದೀಲಿರುತ್ತೆ. ಹಾಗಾಗಿ ತಟ್ಟೆ ಎದುರು ನೋಡ್ತಿರೋ ಕಡೆಗಿಂತ ಸಿಗ್ನಲ್ 20-25 ಡಿಗ್ರಿ ಮೇಲಿಂದ ಬರುತ್ತೆ. ತಟ್ಟೆಗೆ ಎದುರಾಗಿ ಕಾಣೋ ಎಷ್ಟೋ ಮರ ನಿಜವಾಗಿ ಅಡ್ಡವೇ ಅಲ್ಲ.

ಅಳತೆ ಸುಲಭ. ಮರ ಡಿಶ್‌ಗಿಂತ ಎಷ್ಟು ಎತ್ತರವೋ ಅದರ ಅರ್ಧಕ್ಕಿಂತ ದೂರ ಇದ್ರೆ ಅಡ್ಡ ಆಗಲ್ಲ. ಮರ 50 ಅಡಿ, ಡಿಶ್ 12 ಅಡಿ ತಾರಸಿ ಮೇಲೆ ಅಂದ್ಕೊಳ್ಳಿ. ಉಳಿದದ್ದು 38, ಅರ್ಧ 19 ಅಡಿ. ದೂರಾನ ಬುಡದಿಂದ ಅಳೀಬೇಡಿ, ಡಿಶ್ ಕಡೆ ಚಾಚಿರೋ ಗರಿ ತುದಿಯಿಂದ ಅಳೀರಿ. ಗೋಡೆ, ನೀರಿನ ಟ್ಯಾಂಕಿಗೂ ಇದೇ ಲೆಕ್ಕ.

ಸೂರ್ಯನ ಸಾಕ್ಷೀನೂ ಉಂಟು. ಮಾರ್ಚ್ ಮಧ್ಯದಲ್ಲಿ, ಸೆಪ್ಟೆಂಬರ್ ಕೊನೇಲಿ, ಬೆಳಗ್ಗೆ 11 ಗಂಟೆ ಆಸುಪಾಸು ಸೂರ್ಯ ಇದೇ ಉಪಗ್ರಹದ ದಿಕ್ಕಲ್ಲಿ ಹಾದು ಹೋಗ್ತಾನೆ. ಆಗ ಡಿಶ್ ಮೇಲೆ ಗರಿ ನೆರಳು ಬಿದ್ರೆ ಮರ ಅಡ್ಡ. ಪೂರ್ತಿ ಬಿಸಿಲು ಬಿದ್ರೆ ಮರ ನಿರಪರಾಧಿ.

ಜೋರು ಮಳೇಲಿ ಮಾತ್ರ ಚಿತ್ರ ಹೋದ್ರೆ ಅದು ಮಳೆ ಕೆಲಸ, ನಿಂತ ಮೇಲೆ ಬರುತ್ತೆ. ಗಾಳೀಲಿ ಹೋದ್ರೆ ಮೊದಲು ಪೈಪು ಅಲ್ಲಾಡುತ್ತಾ, ನಟ್ಟು ಸಡಿಲ ಆಗಿದೆಯಾ ನೋಡಿ. ಕೇಬಲ್ ಕನೆಕ್ಟರ್‌ಗೆ ತುಕ್ಕು ಹಿಡಿದಿದೆಯಾ ನೋಡಿ. ಇದನ್ನೆಲ್ಲ ನೋಡೋಕೆ ತಾರಸಿ ಹತ್ತಬೇಕು, ಮರ ಕಡಿಸಿ ಅನ್ನೋಕೆ ಬಾಯಿ ಇದ್ರೆ ಸಾಕು!

"ಒಂದು ಮರ ತಾನೇ" ಅಂತೀರಾ? ನಾಟಿ ತೆಂಗಿನ ಸಸಿ ಇಟ್ರೆ ಕಾಯಿ ಕಾಣೋಕೆ ಆರೇಳು ವರ್ಷ ಬೇಕು. ನಿಜವಾಗಿ ಅಡ್ಡ ಇದ್ರೂ ಡಿಶ್ಶನ್ನ ತಾರಸಿಯ ಇನ್ನೊಂದು ಮೂಲೆಗೆ ಇಟ್ಟು ದಿಕ್ಕು ಕೂರಿಸೋದು ಅರ್ಧ ದಿನದ ಕೆಲಸ. ಡಿಶ್‌ನ ಎತ್ತಿಡಬಹುದು, ಮರಾನ ಎತ್ತಿಡೋಕಾಗಲ್ಲ. ಇನ್ಮೇಲೆ ಯಾರಾದ್ರೂ "ಮರ ತೆಗೆಸಿ" ಅಂದ್ರೆ ಅವರ ಕೈಗೆ ಟೇಪು ಕೊಡಿ, "ಅಳೆದು ತೋರಿಸಪ್ಪ" ಅನ್ನಿ.